ಸೋರಿಯಾಸಿಸ್ ಇದ್ದವರ ಎಲೆಯಿಂದ ಊಟ ಕಿತ್ತುಕೊಳ್ಳಬೇಡಿ

ಸಂಪಾದಕರಿಗೆ ನಮಸ್ಕಾರ.

ನನ್ನ ತಮ್ಮನಿಗೆ ಬಹಳ ವರ್ಷಗಳಿಂದ ಸೋರಿಯಾಸಿಸ್ ಇದೆ. ಮೊಣಕೈ, ಮೊಣಕಾಲು, ತಲೆಯಲ್ಲಿ ಚರ್ಮ ಕೆಂಪಗೆ ದಪ್ಪಗಾಗಿ ಬಿಳಿ ಹೊಟ್ಟು ಉದುರುತ್ತದೆ. ಇದು ಗೊತ್ತಾದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು, ನಂಜು. ಬದನೆಕಾಯಿ ನಂಜು, ಮೊಟ್ಟೆ ನಂಜು, ಮೀನು ನಂಜು, ಕಡಲೆಕಾಯಿ ನಂಜು. ಮತ್ತೆ ಅವನು ತಿನ್ನುವುದಾದರೂ ಏನನ್ನು?

ಈಚೆಗೆ ಜಯನಗರದಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆವು. ಬಡಿಸುವವರು ಎಣ್ಣೆಗಾಯಿ ತಂದಾಗ ನಮ್ಮ ದೊಡ್ಡಮ್ಮ ಅವನ ಎಲೆಗೆ ಕೈ ಅಡ್ಡ ಹಿಡಿದು, "ಅವನಿಗೆ ಬೇಡಪ್ಪ, ಮೈಮೇಲೆ ಎದ್ದಿದೆ" ಅಂದರು, ಸಾಲಿನವರೆಲ್ಲ ಕೇಳುವ ಹಾಗೆ. ಅವನ ಪಕ್ಕ ಕೂತಿದ್ದವರು ಚೂರು ಸರಿದು ಕೂತರು. ಆಮೇಲೆ ಅದೇ ದೊಡ್ಡಮ್ಮ ಅವನಿಗೆ ಒತ್ತಾಯ ಮಾಡಿ ಇನ್ನೊಂದು ಹೋಳಿಗೆ ಹಾಕಿಸಿ ತುಪ್ಪ ಬಿಡಿಸಿದರು. ಅವರ ಪ್ರೀತಿ ನನಗೆ ಗೊತ್ತು, ಆದರೂ ಹೊಟ್ಟೆ ಉರಿಯಿತು.

ಸೋರಿಯಾಸಿಸ್ ಮುಟ್ಟಿದರೆ ಅಂಟುವ ಕಾಯಿಲೆ ಅಲ್ಲ. ನಮ್ಮ ರೋಗನಿರೋಧಕ ಶಕ್ತಿಯೇ ಎಡವಟ್ಟಾಗಿ ಚರ್ಮದ ಕೋಶಗಳು ಒಂದು ತಿಂಗಳಲ್ಲಿ ಆಗಬೇಕಾದ ಕೆಲಸವನ್ನು ಕೆಲವೇ ದಿನಗಳಲ್ಲಿ ಮುಗಿಸಿ ಮೇಲೆ ಬಂದು ರಾಶಿ ಬೀಳುತ್ತವೆ, ಅದೇ ಆ ಹೊಟ್ಟು. ಇದು ಬದನೆಕಾಯಿಯಿಂದ ಬರುವುದಲ್ಲ. ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತಲೂ ಅಲ್ಲ. ಅಮೆರಿಕದ ನ್ಯಾಷನಲ್ ಸೋರಿಯಾಸಿಸ್ ಫೌಂಡೇಶನ್‌ನ ವೈದ್ಯ ಮಂಡಳಿ 2018ರಲ್ಲಿ ಊಟದ ಬಗ್ಗೆ ಸಲಹೆ ಪ್ರಕಟಿಸಿತು. ಅದರಲ್ಲಿ ಒತ್ತಿ ಹೇಳಿದ್ದು, ತೂಕ ಜಾಸ್ತಿ ಇದ್ದವರು ಊಟ ಹಿಡಿತದಲ್ಲಿಟ್ಟು ತೂಕ ಇಳಿಸಬೇಕು ಅಂತ. ಮೈಯಲ್ಲಿ ಸೇರಿದ ಕೊಬ್ಬೇ ಉರಿಯೂತವನ್ನು, ಅಂದರೆ ಚರ್ಮ ಕೆಂಪಗೆ ಊದಿಕೊಳ್ಳುವುದನ್ನು, ಹೆಚ್ಚಿಸುತ್ತದೆ. ಗೋಧಿ ಬಿಡುವುದು ಕೂಡ ರಕ್ತ ಪರೀಕ್ಷೆಯಲ್ಲಿ ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಆಗಿಬರುವುದಿಲ್ಲ ಅಂತ ಕಂಡವರಿಗೆ ಮಾತ್ರ, ಎಲ್ಲರಿಗೂ ಅಲ್ಲ. ಏನೇ ಪಥ್ಯ ಮಾಡಿದರೂ ಚಿಕಿತ್ಸೆಯ ಜೊತೆಗೇ ಮಾಡಬೇಕು.

ನಮ್ಮ ಮನೆಯಲ್ಲಿ ಈಗ ಅದನ್ನೇ ಮಾಡುತ್ತಿದ್ದೇವೆ. ವಿಶೇಷ ಅಡುಗೆ ಏನಿಲ್ಲ, ಸಣ್ಣ ಮುದ್ದೆ, ಬಸ್ಸಾರು, ದಂಟಿನ ಸೊಪ್ಪೋ ಸಬ್ಬಸಿಗೆಯೋ ಮಾರ್ಕೆಟ್‌ನಲ್ಲಿ ಏನು ತಾಜಾ ಇದೆಯೋ ಅದರ ಪಲ್ಯ, ಮೊಳಕೆ ಹುರುಳಿಕಾಳು, ವಾರಕ್ಕೆರಡು ಸಲ ಬಂಗುಡೆ ಅಥವಾ ಬೂತಾಯಿ, ಅದೂ ಹುರಿಯದೆ ಸಾರು ಮಾಡಿ. ಅವರೆಕಾಯಿ ಕಾಲದಲ್ಲಿ ಅವರೆಕಾಳು ಸಾರು ಇದ್ದೇ ಇದೆ. ಆಫೀಸ್ ಹತ್ತಿರದ ಬೇಕರಿಯ ಪಫ್ಸು, ಸಂಜೆಯ ಬೋಂಡ, ದಿನಕ್ಕೆ ನಾಲ್ಕು ಸಲ ಸಕ್ಕರೆ ಕಾಫಿ ಕಮ್ಮಿಯಾಗಿದೆ. ಕಷ್ಟವಾಗಿದ್ದು ಅಲ್ಲೇ, ಬದನೆಕಾಯಿಯಲ್ಲಿ ಅಲ್ಲ. ಕುಡಿಯುವುದನ್ನು ಪೂರ್ತಿ ಬಿಟ್ಟಿದ್ದಾನೆ, ಯಾಕಂದ್ರೆ ಅವನು ಸೋರಿಯಾಸಿಸ್‌ಗೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೆಥೋಟ್ರೆಕ್ಸೇಟ್ ಅನ್ನುವ ಔಷಧಿ ಜೊತೆ ಮದ್ಯ ಸೇರಿದರೆ ಲಿವರ್‌ಗೆ ಏಟು. ತೂಕ ಇಳಿದ ಮೇಲೆ ಕೆರೆತ ಕಮ್ಮಿ ಅನ್ನುತ್ತಾನೆ. ಕಾಯಿಲೆ ಹೋಗಿಲ್ಲ, ಹೋಗುತ್ತದೆ ಅಂತ ಡಾಕ್ಟರೂ ಹೇಳಿಲ್ಲ. ಯಾವುದಾದರೂ ಒಂದು ಪದಾರ್ಥ ತಿಂದಾಗಲೆಲ್ಲ ಕೆರಳುತ್ತದೆ ಅನ್ನಿಸಿದರೆ ಬರೆದಿಟ್ಟುಕೊಂಡು ಡಾಕ್ಟರ್ ಹತ್ತಿರ ಕೇಳಿ, ನೆಂಟರ ಹತ್ತಿರ ಅಲ್ಲ.

ನಿಜವಾಗಿ ಹೆದರಿಕೆ ಆಗುವುದು ಬೇರೆ ವಿಷಯಕ್ಕೆ. "ಪಥ್ಯ ಮಾಡಿ, ಇಂಗ್ಲಿಷ್ ಔಷಧಿ ನಿಲ್ಲಿಸಿ, ಬುಡಸಮೇತ ಗುಣ" ಅನ್ನುವ ಜಾಹೀರಾತುಗಳು ಈ ಊರಿನ ಗೋಡೆ, ಬಸ್ಸು, ಪೇಪರ್ ಎಲ್ಲಾ ಕಡೆ ಇವೆ. ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ದಿಢೀರ್ ಅಂತ ನಿಲ್ಲಿಸಿದರೆ ಸೋರಿಯಾಸಿಸ್ ಮೈತುಂಬಾ ಕೆರಳಿ ಆಸ್ಪತ್ರೆ ಸೇರಬೇಕಾಗಬಹುದು. ಇಂಥ ಜಾಹೀರಾತನ್ನು ದಯವಿಟ್ಟು ತೆಗೆದುಕೊಳ್ಳಬೇಡಿ.

ಅಕ್ಟೋಬರ್ 29 ವಿಶ್ವ ಸೋರಿಯಾಸಿಸ್ ದಿನ. ಅವತ್ತು ಅರ್ಧ ಪುಟ ಕೊಡಿ. ವಿಕ್ಟೋರಿಯಾ ಅಥವಾ ಬೌರಿಂಗ್ ಆಸ್ಪತ್ರೆಯ ಚರ್ಮರೋಗ ವಿಭಾಗದವರ ಹತ್ತಿರ, ಜೊತೆಗೆ ಒಬ್ಬ ಡಯಟೀಷಿಯನ್ ಹತ್ತಿರ, ನಮ್ಮ ಅಡುಗೆ ಮನೆಯ ಹೆಸರುಗಳಲ್ಲೇ ಬರೆಸಿ. ಏನು ಬಿಡಬೇಕು ಅನ್ನುವುದಕ್ಕಿಂತ ಮೊದಲು ಏನು ತಿನ್ನಬಹುದು ಅಂತ ಹಾಕಿಸಿ.

– ಒಬ್ಬ ಓದುಗಿ, ಹನುಮಂತನಗರ, ಬೆಂಗಳೂರು