ಬ್ಯಾಟರಿಯಿಲ್ಲದೆ ಮಾತನಾಡಿದ ರೇಡಿಯೊ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮಗಳಿಗೆ ಒಂದು ಎಲೆಕ್ಟ್ರಾನಿಕ್ಸ್ ಕಿಟ್ ಕೊಡಿಸಬೇಕೆಂದಿದ್ದೇನೆ, ಯಾವುದು ಆಗಬಹುದು ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಇದಲ್ಲವೆನಿಸಿ ಪತ್ರ ಬರೆಯುತ್ತಿದ್ದೇನೆ. ಮಕ್ಕಳಿರುವ ಬೇರೆಯವರಿಗೂ ಉಪಯೋಗವಾದೀತೆಂದು ಎಲ್ಲರೂ ಓದುವಂತೆ ಇಲ್ಲೇ ಹಾಕುತ್ತಿದ್ದೇನೆ.

ನಾವು ಗೌರಿಬಿದನೂರಿನಲ್ಲಿ ಕಿಟ್ ಎನ್ನುತ್ತಿದ್ದುದು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಬರುತ್ತಿದ್ದ ಒಂದು ಪ್ಲಾಸ್ಟಿಕ್ ಚೀಲ. ಬಾಯಿಗೆ ಸ್ಟೇಪಲ್ ಹೊಡೆದ ಆ ಚೀಲದೊಳಗೆ ಅಂಗೈಯಗಲದ ಪಿಸಿಬಿ (ಬಿಡಿಭಾಗಗಳನ್ನು ಬೆಸೆಯುವ ಹಲಗೆ), ಹಿಡಿಯಷ್ಟು ಬಿಡಿಭಾಗಗಳು ಮತ್ತು ಮಸುಕಾಗಿ ಅಚ್ಚಾದ ಸರ್ಕ್ಯೂಟಿನ ಹಾಳೆ ಇರುತ್ತಿದ್ದವು. ಊರಿನ ಯಾರಾದರೂ ದೊಡ್ಡವರು ಪ್ಯಾಸೆಂಜರ್ ರೈಲಿನಲ್ಲಿ ಬೆಂಗಳೂರಿಗೆ ಹೊರಟರೆ ಅವರ ಕೈಗೆ ಚೀಟಿ ಕೊಟ್ಟು, ಸಂಜೆಯ ಗಾಡಿಗೆ ನಿಲ್ದಾಣದಲ್ಲಿ ಹೋಗಿ ಕಾಯುತ್ತಿದ್ದೆವು.

ಆ ಕಿಟ್‌ಗಳಲ್ಲಿ ನನಗೆ ಬಹಳ ಬೆಲೆಯುಳ್ಳದ್ದೆಂದು ಇಂದಿಗೂ ಅನ್ನಿಸುವುದು 555 ಐಸಿಯ ಮಿನುಗುದೀಪ. ಸ್ವಿಟ್ಜರ್ಲೆಂಡ್ ಮೂಲದ ಹಾನ್ಸ್ ಕಾಮೆನ್‌ಜಿಂಡ್ ಎಂಬ ಎಂಜಿನಿಯರ್ 1971ರಲ್ಲಿ ವಿನ್ಯಾಸಗೊಳಿಸಿದ ಈ ಎಂಟು ಕಾಲಿನ ಚಿಪ್ ಮುಂದಿನ ವರ್ಷ ಮಾರುಕಟ್ಟೆಗೆ ಬಂತು. ಅದರ ಕೆಲಸ ಸರಳವಾದದ್ದು: ಹೊರಗಿನ ಕಂಡೆನ್ಸರ್ (ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗ) ಬ್ಯಾಟರಿಯ ವೋಲ್ಟೇಜಿನ ಮೂರನೆಯ ಎರಡು ಭಾಗದಷ್ಟು ತುಂಬಿಕೊಂಡಾಗ ಅದನ್ನು ಬರಿದು ಮಾಡತೊಡಗುವುದು, ಮೂರನೆಯ ಒಂದು ಭಾಗಕ್ಕೆ ಇಳಿದಾಗ ಮತ್ತೆ ತುಂಬಲು ಬಿಡುವುದು. ಕಂದು, ಕಪ್ಪು, ಕೆಂಪು ಪಟ್ಟಿಗಳ 1 ಕಿಲೋಓಮ್ ರೆಸಿಸ್ಟರ್ (ವಿದ್ಯುತ್ತಿನ ಹರಿವಿಗೆ ತಡೆಯೊಡ್ಡುವ ಬಿಡಿಭಾಗ) ಒಂದು, ನೀಲಿ, ಬೂದು, ಕಿತ್ತಳೆ ಪಟ್ಟಿಗಳ 68 ಕಿಲೋಓಮ್ ರೆಸಿಸ್ಟರ್ ಒಂದು, ಜೊತೆಗೆ 10 ಮೈಕ್ರೋಫ್ಯಾರಡ್ ಕಂಡೆನ್ಸರ್ ಹಾಕಿದರೆ ದೀಪ ಸುಮಾರು ಸೆಕೆಂಡಿಗೊಮ್ಮೆ ಮಿನುಗುತ್ತದೆ. ಕಂಡೆನ್ಸರನ್ನು ಮಾತ್ರ ತೆಗೆದು 1 ಮೈಕ್ರೋಫ್ಯಾರಡ್‌ನದನ್ನು ಹಾಕಿದರೆ ಸೆಕೆಂಡಿಗೆ ಹತ್ತು ಸಲ. ಇನ್ನೂ ಚಿಕ್ಕದಾದ 0.01 ಮೈಕ್ರೋಫ್ಯಾರಡ್‌ನದನ್ನು ಹಾಕಿದಾಗ ಮಿನುಗುವುದು ಸೆಕೆಂಡಿಗೆ ಸಾವಿರ ಸಲವಾಗಿ, ದೀಪ ಎಡೆಬಿಡದೆ ಉರಿಯುವಂತೆ ಕಾಣುತ್ತದೆ. ಆಗ ದೀಪದ ಜಾಗಕ್ಕೆ ಚಿಕ್ಕ ಸ್ಪೀಕರ್ ಜೋಡಿಸಿದರೆ ಅದೇ ಮಿನುಗು ಸ್ವರವಾಗಿ ಕಿವಿಗೆ ಬೀಳುತ್ತದೆ. ಬೆಳಕು ಮಿನುಗುವುದಕ್ಕೂ ಸ್ವರ ಹೊರಡುವುದಕ್ಕೂ ನಡುವೆ ಇರುವುದು ವೇಗದ ಅಂತರ ಮಾತ್ರ ಎಂಬುದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ಎರಡು ಕಾಲಿನ ಒಂದು ಬಿಡಿಭಾಗವನ್ನು ಬದಲಿಸಿ ಕಲಿತೆವು. ಕಾಲ ಎಂಬುದು ಅಲ್ಲಿ ಬೆರಳಲ್ಲಿ ಹಿಡಿಯಬಹುದಾದ ವಸ್ತುವಾಗಿತ್ತು.

ಇನ್ನು ಡಯೋಡ್ ರೇಡಿಯೊ. ಡಯೋಡ್ ಎಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಗಳಿಗೆ ನಮ್ಮ ಕಡೆ ಎಂದೂ ಬರವಿಲ್ಲ. ಅಲ್ಲಿ ಉಳಿದ ಎನಾಮಲ್ ತಾಮ್ರದ ತಂತಿಯನ್ನು ರಟ್ಟಿನ ಕೊಳವೆಗೆ ಸುತ್ತಿ ಕಾಯಿಲ್ ಮಾಡಿಕೊಂಡು, ಹಳೆಯ ರೇಡಿಯೊದಿಂದ ಬಿಚ್ಚಿದ, ತಿರುಗಿಸಿ ನಿಲಯ ಹಿಡಿಯುವ ಗ್ಯಾಂಗ್ ಕಂಡೆನ್ಸರ್ ಸೇರಿಸಿ, ತೆಂಗಿನ ಮರದಿಂದ ಮಾಳಿಗೆಗೆ ಏರಿಯಲ್ ಎಳೆಯುತ್ತಿದ್ದೆವು. ರಿಪೇರಿ ಅಂಗಡಿಯ ಅಣ್ಣ ಮೊದಲು ಕೈಗೆ ಸಿಕ್ಕಿದ ಸಿಲಿಕಾನ್ ಡಯೋಡ್ ಕೊಟ್ಟಾಗ ಏನೂ ಕೇಳಿಸದೆ, ಆಮೇಲೆ ಗಾಜಿನ ಮೈಯ ಜರ್ಮೇನಿಯಮ್ ಡಯೋಡ್ ಹಾಕಿದೊಡನೆ ಬೆಂಗಳೂರು ಆಕಾಶವಾಣಿ ಮಾತನಾಡಿದ್ದು ನಿನಗೂ ನೆನಪಿರಬೇಕು. ಸಿಲಿಕಾನ್ ಸರಾಗವಾಗಿ ವಿದ್ಯುತ್ತನ್ನು ಬಿಡಲು ಸುಮಾರು 0.6 ವೋಲ್ಟ್ ಬೇಕು, ಜರ್ಮೇನಿಯಮ್‌ಗೆ 0.2ರಿಂದ 0.3 ವೋಲ್ಟ್ ಸಾಕು, ಏರಿಯಲ್ಲಿನ ಸಣ್ಣ ಸಂಕೇತ ಅಷ್ಟನ್ನೇ ದಾಟಬಲ್ಲದು ಎಂಬ ಕಾರಣ ತಿಳಿದದ್ದು ಬಹಳ ಕಾಲದ ಮೇಲೆ. ಸೆಲ್ಲಿಲ್ಲದ, ಕರೆಂಟಿಲ್ಲದ ಆ ಪೆಟ್ಟಿಗೆಯಲ್ಲಿ ವಾರ್ತೆ ಕೇಳಿಸಲು ಬೇಕಾದ ಶಕ್ತಿ 612 ಕಿಲೋಹರ್ಟ್ಸ್‌ನ ಆ ನಿಲಯದ ಪ್ರಸಾರದಿಂದಲೇ ಗಾಳಿಯಲ್ಲಿ ಬರುತ್ತಿತ್ತು. ಇಷ್ಟು ದೊಡ್ಡ ಸಂಗತಿಯನ್ನು ಇಷ್ಟು ಕಡಿಮೆ ಸಾಮಾನಿನಲ್ಲಿ ತೋರಿಸುವ ಇನ್ನೊಂದು ಕಿಟ್ ನನಗೆ ಗೊತ್ತಿಲ್ಲ.

ನಮ್ಮೂರಿನ ಹತ್ತಿರದ ರೇಡಿಯೊ ದೂರದರ್ಶಕವನ್ನು ಮೇಷ್ಟ್ರು ತೋರಿಸಿದಾಗ ಅದು ನಮಗೆ ಅಪರಿಚಿತವೆನಿಸದೆ ಇದ್ದುದಕ್ಕೆ ಈ ಏರಿಯಲ್ಲೇ ಕಾರಣ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ ಆ ನೆಲೆಯಲ್ಲಿ, ಬಟ್ಟೆ ಒಣಹಾಕುವ ಹಗ್ಗಗಳಂತೆ ಕಂಬದಿಂದ ಕಂಬಕ್ಕೆ ಎಳೆದ ತಂತಿಗಳ ಸಾವಿರ ಡೈಪೋಲ್‌ಗಳು (ಜೋಡಿ ತಂತಿಯ ಏರಿಯಲ್‌ಗಳು) ಇಂಗ್ಲಿಷಿನ T ಅಕ್ಷರದ ಆಕಾರದಲ್ಲಿ, ಪೂರ್ವ ಪಶ್ಚಿಮದ ತೋಳು ಸುಮಾರು 1.4 ಕಿಲೋಮೀಟರ್ ಇರುವಂತೆ ಹಬ್ಬಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಸದ್ದನ್ನು ಹಿಡಿಯುತ್ತಿದ್ದವು. ನಮ್ಮ ತಂತಿ ಬೆಂಗಳೂರನ್ನು ಕೇಳಿದರೆ ಆ ತಂತಿ ನಕ್ಷತ್ರಲೋಕವನ್ನು ಕೇಳುತ್ತದೆ, ತತ್ವ ಒಂದೇ ಎಂದು ಮೇಷ್ಟ್ರು ಅಂದು ವಿವರಿಸಿದ್ದರು. ವೈಜ್ಞಾನಿಕ ಮನೋಭಾವವನ್ನು ಸಾರಿದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರೂ ಇದೇ ತಾಲ್ಲೂಕಿನದು. ಏಕೆ, ಹೇಗೆ ಎಂದು ಕೇಳುವ ಮಕ್ಕಳನ್ನು ಗದರದ ಮೇಷ್ಟ್ರುಗಳು ನಮಗೆ ಸಿಕ್ಕಿದ್ದರಲ್ಲಿ ಅವರ ಪ್ರಭಾವವೂ ಇತ್ತೆಂದು ನಾನು ನಂಬುತ್ತೇನೆ.

ಪ್ರೋಗ್ರಾಮ್ ಬರೆದು ನಡೆಸುವ ಈಗಿನ ಆರ್ಡುಯಿನೊ ಬೋರ್ಡುಗಳ ಮೇಲೆ ನನಗೆ ಯಾವ ತಕರಾರೂ ಇಲ್ಲ, ನನ್ನ ಮೇಜಿನ ಮೇಲೂ ಒಂದಿದೆ. ಆದರೆ ಅಲ್ಲಿ ದೀಪ ಎಷ್ಟು ಹೊತ್ತಿಗೊಮ್ಮೆ ಮಿನುಗಬೇಕೆಂಬುದು ಪ್ರೋಗ್ರಾಮಿನ ಒಂದು ಸಾಲಿನಲ್ಲಿ ಬರೆದ ಸಂಖ್ಯೆ, ಅದನ್ನು ನಡೆಸಿಕೊಡುವುದೆಲ್ಲ ಚಿಪ್‌ನೊಳಗೆ. ಮೊದಲು ಕಂಡೆನ್ಸರ್ ತುಂಬಿ ಬರಿದಾಗುವುದನ್ನು ಕಂಡ ಮಗು ಆಮೇಲೆ ಆ ಸಾಲು ಬರೆದರೆ ಅದರ ಹಿಂದೆ ಏನು ನಡೆಯುತ್ತಿದೆಯೆಂದು ಊಹಿಸಬಲ್ಲದು. ಹಾಗಾಗಿ ಬೋರ್ಡು ಮುಂದಿನ ವರ್ಷಕ್ಕಿರಲಿ.

ರೇಡಿಯೊಗೆ ಮಾತ್ರ ತಡಮಾಡಬೇಡ. ಆಕಾಶವಾಣಿ ದೇಶದ ಹಲವೆಡೆ, ಈ ರೇಡಿಯೊ ಹಿಡಿಯುವ ಮಧ್ಯಮ ತರಂಗದ (ಮೀಡಿಯಂ ವೇವ್) ಹಳೆಯ ಪ್ರಸಾರ ಕೇಂದ್ರಗಳನ್ನು ನಿಲ್ಲಿಸುತ್ತಾ ಬಂದಿದೆ, ಪ್ರಸಾರವಿಲ್ಲದ ಮೇಲೆ ಈ ಪೆಟ್ಟಿಗೆಗೆ ಜೀವವಿಲ್ಲ. ಬೇಸಿಗೆ ರಜೆಗೆ ಅವಳನ್ನು ಇಲ್ಲಿಗೆ ಕರೆದುಕೊಂಡು ಬಾ. ಬರುವಾಗ ಎಸ್.ಪಿ. ರಸ್ತೆಯಲ್ಲಿ ಜರ್ಮೇನಿಯಮ್ ಡಯೋಡನ್ನೇ ಕೇಳಿ ಎರಡು ತಾ, ಜೊತೆಗೆ ಹೆಚ್ಚು ರೋಧದ ಕ್ರಿಸ್ಟಲ್ ಇಯರ್‌ಫೋನ್ ಹುಡುಕು. ಮೊಬೈಲಿನ ಇಯರ್‌ಫೋನಿನ ರೋಧ ತೀರಾ ಕಡಿಮೆಯಾದ್ದರಿಂದ ಅದನ್ನು ನೇರವಾಗಿ ಜೋಡಿಸಿದರೆ ಏನೂ ಕೇಳಿಸದು. ಬಿಡಿಭಾಗ ಬೆಸೆಯುವ ಸೋಲ್ಡರಿನಲ್ಲಿ ಸೀಸವಿರುವುದರಿಂದ ಕೆಲಸ ಮುಗಿದೊಡನೆ ಕೈ ತೊಳೆಯಬೇಕೆಂದು ಈಗಲೇ ಅವಳಿಗೆ ಹೇಳಿಡು. ತಂತಿ, ಗ್ಯಾಂಗ್ ಕಂಡೆನ್ಸರ್, ಸೋಲ್ಡರಿಂಗ್ ಐರನ್ ಎಲ್ಲವೂ ನನ್ನಲ್ಲಿವೆ. ಭರಣಿ ಮಳೆಯ ಗುಡುಗು ಶುರುವಾದರೆ ಏರಿಯಲ್ ಕಟ್ಟುವಂತಿಲ್ಲ, ಅದಕ್ಕೆ ಮುಂಚೆಯೇ ಬಂದರೆ ಒಳ್ಳೆಯದು.

ಇಂತಿ,
ನಿನ್ನ ಗೆಳೆಯ
ಗೌರಿಬಿದನೂರು