ಸೆಣಬಿನ ಹುರಿ ಕಟ್ಟಿಕೊಟ್ಟ ಅಣ್ಣನಿಗೆ

ಶನಿವಾರ ಬೆಂಗಳೂರಿನ ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಅವೆನ್ಯೂ ರಸ್ತೆ ಹಿಡಿದು ಸುಮ್ನೆ ನಡೆಯುತ್ತಾ ಹೊರಟಿದ್ದೆ. ಹಳೆ ಪುಸ್ತಕ ನೋಡಿ, ಚಿಕ್ಕಪೇಟೆಯ ಸೀರೆ ಅಂಗಡಿಗಳನ್ನು ದಾಟಿ, ಬಳೇಪೇಟೆಯಲ್ಲಿ ಅಮ್ಮನ ತಂಬೂರಿಗೆ ತಂತಿ ಕೊಳ್ಳಬೇಕಿತ್ತು. ಅಷ್ಟರಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಆ ನೂಕುನುಗ್ಗಲಲ್ಲಿ ನಿಲ್ಲೋಕೂ ಜಾಗವಿಲ್ಲ.

ತಲೆ ಮೇಲೆ ಬಟ್ಟೆಯ ಗಂಟು ಹೊತ್ತಿದ್ದ ನೀವು ಅದನ್ನು ಕಟ್ಟೆ ಮೇಲಿಳಿಸಿ, "ಕೊಡಿ ಅಕ್ಕ ಇಲ್ಲಿ" ಅಂದಿರಿ. ಜೇಬಿನಿಂದ ಸೆಣಬಿನ ಹುರಿ ತೆಗೆದು, ಹಲ್ಲಲ್ಲಿ ಕಚ್ಚಿ ಎಳೆದು, ಎರಡು ಗಂಟು ಬಿಗಿದಿರಿ. ಆಮೇಲೆ ಓಣಿಯೊಳಗಿನ ಓಣಿ ಹಾಯಿಸಿ, ವೀಣೆ, ಮೃದಂಗ ಇಟ್ಟ ಅಂಗಡಿಯವರೆಗೂ ಬಿಟ್ಟಿರಿ. ಮ್ಯಾಪ್ ನಂಬಿದ್ದರೆ ನಾನಿನ್ನೂ ಮಾಮೂಲ್‌ಪೇಟೆಯಲ್ಲೇ ಸುತ್ತುತ್ತಿದ್ದೆ ಬಿಡಿ! ಟೀ ಕುಡಿಯೋಣ ಅನ್ನುವಷ್ಟರಲ್ಲಿ ಹೊರಟೇಬಿಟ್ಟಿರಿ. ಹೆಸರೂ ಕೇಳಲಿಲ್ಲ.

ತುಂಬಾ ಥ್ಯಾಂಕ್ಸ್ ಅಣ್ಣ. ನೀವು ಹಾಕಿದ ಗಂಟು ಮನೆ ಸೇರುವವರೆಗೂ ಬಿಚ್ಚಲಿಲ್ಲ.