ಟಪಾಲಿಗೆ ಹಾಕು, ಫೋಟೋ ತೆಗೆಯಬೇಡ

ಧಾರವಾಡ

ಪ್ರೀತಿಯ ತಮ್ಮಾ, ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಕೈ ಸೇರಿತು. ಹಳೇ ಕ್ಯಾಲೆಂಡರಿನ ಹಾಳೆ ಮಡಚಿ ಲಕೋಟೆ ಮಾಡಿದ್ದೀಯಲ್ಲ, ಏಕಾದಶಿ, ಸಂಕಷ್ಟಿ, ಅಮಾವಾಸ್ಯೆ ಎಲ್ಲ ಹಾಗೇ ಕಾಣುತ್ತಿವೆ. ಟಪಾಲಿನವರೂ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿಯೇ ಕೊಟ್ಟರು. ಒಳಗೆ ನೀನು ಕೇಳಿದ ಪ್ರಶ್ನೆ ಮಾತ್ರ ನನಗೆ ಹಿಡಿಸಲಿಲ್ಲ. ಕಥೆ ಬರೆಯಬೇಕಾದ ಹೊತ್ತಿನಲ್ಲಿ ಹೀಗೆ ಕಾಗದ ಬರೆಯುತ್ತ, ಅಂಚಿಗೆ ಬಣ್ಣ ಹಚ್ಚುತ್ತ ಕೂತರೆ ಟೈಮ್ ವೇಸ್ಟ್ ಅಲ್ವಾ ಅಂದಿದ್ದೀಯ. ಅಲ್ಲ. ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ.

ಕಥೆ ಬರೆಯಲು ಕೂತಾಗ ನಿನ್ನ ಎದುರಿಗೆ ಯಾರಿರುತ್ತಾರೆ ಹೇಳು. ಸಂಪಾದಕರು, ಸ್ಪರ್ಧೆಯ ತೀರ್ಪುಗಾರರು, ಹೊಗಳುವ ಗೆಳೆಯರು, ತಪ್ಪು ಹುಡುಕುವ ಗೆಳೆಯರು. ಇಷ್ಟು ಜನರ ಮುಂದೆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಜೋರಾಗುತ್ತದೆ. ಗದಗಿನಲ್ಲಿರುವ ನಿನ್ನ ಅಜ್ಜನಿಗೆ ಬರೆಯುವಾಗ ಹಾಗಾಗುವುದಿಲ್ಲ. ಅವರಿಗೆ ಮನೆಯ ಹಿತ್ತಿಲು ಗೊತ್ತು, ವರ್ಣಿಸಬೇಕಿಲ್ಲ. ಮೆಟ್ರೋ ಗೊತ್ತಿಲ್ಲ, ಬಿಡಿಸಿ ಹೇಳಬೇಕು. ಮಂಡಿ ನೋವು ಹೇಗಿದೆ ಅಂತ ಕೇಳದೆ ನಿನ್ನ ಸುದ್ದಿ ಶುರು ಮಾಡುವ ಹಾಗಿಲ್ಲ. ಏನು ಹೇಳಬೇಕು, ಏನು ಬಿಡಬೇಕು ಅನ್ನೋದೆಲ್ಲ ಅಜ್ಜನನ್ನು ನೆನೆದ ಕೂಡಲೇ ತಾನಾಗಿ ಗೊತ್ತಾಗುತ್ತದೆ.

ನನ್ನ ಸೋದರತ್ತೆ ಜಾಸ್ತಿ ಓದಿದವರಲ್ಲ. ಆದರೆ ಅವರ ಇನ್‌ಲ್ಯಾಂಡ್ ಲೆಟರುಗಳನ್ನು, ಅಂದರೆ ಬರೆದ ಹಾಳೆಯನ್ನೇ ಮಡಚಿ ಅಂಟಿಸಿ ಕಳಿಸುವ ಕಾಗದಗಳನ್ನು, ನಾನು ಇವತ್ತಿಗೂ ತೆಗೆದು ಓದುತ್ತೇನೆ. ಮೊದಲಿಗೆ ‘ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕು.’ ಆಮೇಲೆ ಮಳೆ, ಜೋಳದ ರೇಟು, ಯಾರದೋ ಮದುವೆ. ಕೊನೆಗೆ ‘ಬೇರೇನೂ ವಿಶೇಷವಿಲ್ಲ’ ಅಂತ ಸಹಿ. ನಿಜವಾದ ಕಾಗದ ಶುರುವಾಗುವುದೇ ಅಲ್ಲಿಂದ. ಸಹಿಯ ಕೆಳಗೆ ಜಾಗ ಇರುತ್ತಿರಲಿಲ್ಲ. ಹಾಳೆ ಅಡ್ಡ ತಿರುಗಿಸಿ ಮಾರ್ಜಿನ್ನಿನಲ್ಲಿ ಇರುವೆ ಸಾಲಿನ ಹಾಗೆ ಬರೆಯುತ್ತಿದ್ದರು. ಅದೂ ತುಂಬಿದರೆ ಅಂಟು ಹಚ್ಚುವ ಮಡಿಕೆಯ ಒಳಬದಿಗೆ. ಒಂದು ಕಾಗದದ ಆ ಮಡಿಕೆಯಲ್ಲಿ ಹೀಗಿದೆ: ‘ನಿನ್ನ ಮಾಮಾ ಈಗೀಗ ರಾತ್ರಿ ಎದ್ದು ಕೂಡುತ್ತಾರೆ. ಯಾಕೆ ಅಂದರೆ ಹೇಳುವುದಿಲ್ಲ. ನೀನು ಬಂದರೆ ಹೇಳಬಹುದು.’ ಒಡೆಯುವಾಗ ಹರಿದು ಕೊನೆಯ ಪದ ಅರ್ಧ ಹೋಗಿದೆ. ಮಳೆ, ಜೋಳ, ಮದುವೆ ಎಲ್ಲ ಬರೆದು ಮುಗಿಸಿದ ಮೇಲಷ್ಟೇ ಅವರಿಗೆ ಈ ಮಾತು ಹೇಳುವ ಧೈರ್ಯ ಬಂದದ್ದು. ನಿನ್ನ ಕಥೆಯ ಜನರೂ ‘ವಿಶೇಷವಿಲ್ಲ’ ಅಂದ ಮೇಲೆ ಏನು ಹೇಳುತ್ತಾರೆ ಅಂತ ಕಾದು ನೋಡು.

ಬಣ್ಣ, ಚಿತ್ರ, ಒಣಗಿಸಿದ ಎಲೆ ಇವೆಲ್ಲ ಹೊಸ ಫ್ಯಾಶನ್ ಅಂತ ಯಾರಾದರೂ ಅಂದರೆ ನಂಬಬೇಡ. ನಮ್ಮ ಕಡೆ ದಸರೆಗೆ ದೂರದವರಿಗೆ ಲಕೋಟೆಯೊಳಗೆ ಬನ್ನಿ ಎಲೆ ಹೋಗುತ್ತಿದ್ದವು, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅನ್ನುವ ಸಾಲಿನ ಜೊತೆ. ಸಂಕ್ರಾಂತಿಗೆ ಪುಟ್ಟ ಪೊಟ್ಟಣದಲ್ಲಿ ಕುಸುರೆಳ್ಳು. ಮದುವೆ ಕಾಗದದ ಮೂಲೆಗೆ ಅರಿಸಿನ. ಸಾವಿನ ಸುದ್ದಿಯ ಕಾಗದವನ್ನು ಓದಿ ಅಲ್ಲೇ ಹರಿದು ಹಾಕುತ್ತಿದ್ದರು, ಮನೆಯೊಳಗೆ ಇಡುತ್ತಿರಲಿಲ್ಲ. ಹಾಗಾಗಿ ನೀನು ಅಂಟಿಸುವುದು, ಒಳಗಿಡುವುದು ಏನೇ ಇದ್ದರೂ ಅದು ಆ ಮನುಷ್ಯನಿಗೆ ಅಂತಲೇ ಇರಲಿ. ಚಂದ ಕಾಣುತ್ತದೆ ಅಂತ ಸುಮ್ನೆ ಸ್ಟಿಕರ್ ಹಚ್ಚುವುದು ನನಗೆ ಇಷ್ಟವಿಲ್ಲ. ಅಜ್ಜನ ಊರಿಗೆ ಹೋಗಿದ್ದ ಬಸ್ ಟಿಕೆಟ್ಟು ಪರ್ಸಿನಲ್ಲಿ ಉಳಿದಿದ್ದರೆ ಅದನ್ನು ಇಡು.

ಒಂದಷ್ಟು ಕೆಲಸದ ಮಾತು. ಇನ್‌ಲ್ಯಾಂಡ್ ಒಳಗೆ ಏನೂ ಇಡುವ ಹಾಗಿಲ್ಲ. ಎಲೆ, ಟಿಕೆಟ್ಟು ಇಡಬೇಕಾದರೆ ಲಕೋಟೆಯೇ ಬೇಕು. 20 ಗ್ರಾಂ ತನಕ 5 ರೂಪಾಯಿ ಸ್ಟ್ಯಾಂಪು. ದಪ್ಪ ಡ್ರಾಯಿಂಗ್ ಹಾಳೆ ಬೇಗ ತೂಕ ಏರಿಸುತ್ತದೆ, ಅನುಮಾನ ಬಂದರೆ ಕೌಂಟರಿನಲ್ಲಿ ತೂಗಿಸು. ಸ್ಟ್ಯಾಂಪು ಕಡಿಮೆ ಬಿದ್ದರೆ ದಂಡ ಬೀಳುವುದು ಕಾಗದ ಬಿಡಿಸಿಕೊಳ್ಳುವವರ ಮೇಲೆ. ವಿಳಾಸವನ್ನು ಬಾಲ್‌ಪೆನ್ನಿನಲ್ಲಿ ಬರೆ. ಶಾಯಿ ಪೆನ್ನಿನ ಅಕ್ಷರ ಜೂನ್, ಜುಲೈ ಮಳೆಗೆ ಕಲೆಸಿಹೋಗುತ್ತದೆ. ಮೇಲೆ ಮೇಣದಬತ್ತಿ ಉಜ್ಜಿದರೆ ಇನ್ನೂ ಒಳ್ಳೆಯದು. ಚಿತ್ರ ಎಷ್ಟು ಬೇಕಾದರೂ ಬಿಡಿಸು, ಆದರೆ ವಿಳಾಸದ ಸುತ್ತ ಜಾಗ ಖಾಲಿ ಇರಲಿ. ಪಿನ್‌ಕೋಡಿನ 6 ಅಂಕೆ ಬಿಡಿಬಿಡಿಯಾಗಿ ಕಾಣಬೇಕು. ನಮ್ಮಲ್ಲಿ ಹೊಸೂರು, ಹೊಸಹಳ್ಳಿಗಳು ಎಷ್ಟಿವೆ ನೋಡು. ಅಂಥ ಗೊಂದಲ ತಪ್ಪಿಸಲಿಕ್ಕೇ 1972ರಲ್ಲಿ ಪಿನ್‌ಕೋಡ್ ತಂದದ್ದು. ಬೆಂಗಳೂರಿನ ಜಿಪಿಒದಲ್ಲಿ, ಅಂದರೆ ಪ್ರಧಾನ ಅಂಚೆ ಕಚೇರಿಯಲ್ಲಿ, ಸ್ಟ್ಯಾಂಪು ಸಂಗ್ರಹಿಸುವವರಿಗೆ ಅಂತಲೇ ಬೇರೆ ಕೌಂಟರ್ ಇದೆ. ಒಮ್ಮೆ ಹೋಗಿ ಬಾ.

ಕಾಗದದ ಕಾಲ ಮುಗೀತು ಅಂತ ನಿನ್ನ ರೂಮ್‌ಮೇಟ್ ಅಂದನಂತೆ. ಡೆನ್ಮಾರ್ಕಿನಲ್ಲಿ ಹೆಚ್ಚುಕಡಿಮೆ ಹಾಗೇ ಆಗಿದೆ. 1624ರಲ್ಲಿ ಶುರುವಾದ ಅಲ್ಲಿನ ಸರ್ಕಾರಿ ಅಂಚೆ 2025ರ ಕೊನೆಗೆ ಕಾಗದ ಹಂಚುವುದನ್ನೇ ನಿಲ್ಲಿಸಿತು. ಓದಿ ನನಗೆ ತುಂಬ ಬೇಜಾರಾಯಿತು. ಆದರೆ ಅದೇ ಯುರೋಪಿನ ಪೋರ್ಚುಗಲ್‌ನಲ್ಲಿ ಒಬ್ಬ ವಿದ್ಯಾರ್ಥಿ 2005ರಲ್ಲಿ ಶುರು ಮಾಡಿದ ಪೋಸ್ಟ್‌ಕ್ರಾಸಿಂಗ್ ಇಂದಿಗೂ ನಡೆಯುತ್ತಿದೆ, ಗುರುತಿಲ್ಲದವರು ಗುರುತಿಲ್ಲದವರಿಗೆ ಕಾರ್ಡು ಬರೆಯುತ್ತಿದ್ದಾರೆ. ನಮ್ಮ ಪೋಸ್ಟ್ ಕಾರ್ಡಿಗೆ ಈಗಲೂ 50 ಪೈಸೆ. ಅಂಚೆ ಇಲಾಖೆ ‘ಢಾಯಿ ಆಖರ್’ ಅಂತ ಕಾಗದ ಬರೆಯುವ ಸ್ಪರ್ಧೆಯನ್ನೂ ನಡೆಸುತ್ತದೆ, ಕನ್ನಡದಲ್ಲೂ ಬರೆಯಬಹುದು. ಬೇಕಾದರೆ ಬರೆ. ಆದರೆ ಅಲ್ಲಿ ಮತ್ತೆ ತೀರ್ಪುಗಾರರು ಬಂದು ಕೂರುತ್ತಾರೆ, ನೆನಪಿರಲಿ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಡಬ್ಬಿಗೆ ಹಾಕುವ ಮೊದಲು ಫೋಟೋ ತೆಗೆಯಬೇಡ. ಫೋಟೋ ತೆಗೆದರೆ ನಾಳೆ ಅದನ್ನು ಎಲ್ಲರಿಗೂ ತೋರಿಸುವ ಆಸೆ ಆಗುತ್ತದೆ. ತೋರಿಸುವ ಆಸೆ ಇದ್ದರೆ ಮುಂದಿನ ಕಾಗದದ ಮೊದಲ ಸಾಲಿನಲ್ಲೇ ಅಜ್ಜ ಹಿಂದಕ್ಕೆ ಸರಿಯುತ್ತಾರೆ. ಒಳ್ಳೆಯ ಸಾಲು ಬಂದಿದ್ದರೂ ಅದನ್ನು ಕಥೆಗೆ ಅಂತ ಎತ್ತಿಟ್ಟುಕೊಳ್ಳಬೇಡ, ಅವರಿಗೇ ಕೊಟ್ಟುಬಿಡು. ಕೊಡುವುದರಲ್ಲಿ ಎಷ್ಟು ಸುಖ ಇದೆ ಅಂತ ನಿನಗೇ ಗೊತ್ತಾಗುತ್ತದೆ. ಕಥೆಗೆ ಬೇರೆ ಸಾಲು ಬರುತ್ತದೆ.

ಈ ವಾರವೇ ಅಜ್ಜನಿಗೆ ಬರೆ. ಅಕ್ಷರ ದೊಡ್ಡದಿರಲಿ, ಸಾಲಿನ ನಡುವೆ ಜಾಗ ಬಿಡು, ತಿಳಿ ಬಣ್ಣದ ಪೆನ್ನು ಬೇಡ. ನಿನ್ನ ವಿಳಾಸ ಬರೆದ ಒಂದು ಪೋಸ್ಟ್ ಕಾರ್ಡನ್ನೂ ಲಕೋಟೆಯೊಳಗೆ ಇಡು. ಈ ವಯಸ್ಸಿನಲ್ಲಿ ಅವರು ಕಾರ್ಡಿಗಾಗಿ ಪೋಸ್ಟ್ ಆಫೀಸಿನ ತನಕ ನಡೆಯುವುದು ಕಷ್ಟ.

ಇಂತಿ ನಿನ್ನ
ಅಕ್ಕ